ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್, ವಾಷಿಂಗ್ ಮಷೀನ್ ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನೊಳಗೇ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಿಸಿದವರಿಗೆ ಈ ಅನುಭವ ಹೊಸದಲ್ಲ. ಬಸವನಗುಡಿಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಗೀಸರ್, ವೈಟ್‌ಫೀಲ್ಡ್ ಕಡೆಗೆ ಹೋದ ಸ್ವಲ್ಪ ಸಮಯದಲ್ಲೇ ಕಾಯಿಲ್ ಸುಟ್ಟುಕೊಂಡು ಕೂರುತ್ತದೆ. ಷವರಿನ ಅರ್ಧ ತೂತು ಮುಚ್ಚಿಹೋಗುತ್ತದೆ, ಬಿಳಿ ಅಂಗಿ ಬೂದು ಬಣ್ಣಕ್ಕೆ ತಿರುಗುತ್ತದೆ, ತೊಗರಿಬೇಳೆ ಮೂರು ವಿಷಲ್ ಹೆಚ್ಚು ಕೇಳುತ್ತದೆ. ರಿಪೇರಿಗೆ ಬಂದವರು 'ಸಾರ್, ಉಪ್ಪು ನೀರು' ಎಂದು ಹೇಳಿ ಬಿಲ್ ಕೊಟ್ಟು ಹೋಗುತ್ತಾರೆ. ಆಮೇಲೆ ಮನೆಯವರು ಸೀದಾ ಹೋಗಿ ಇಡೀ ಮನೆಗೊಂದು ದುಬಾರಿ ಸಾಫ್ಟನರ್ (ನೀರನ್ನು ಮೆದು ಮಾಡುವ ಯಂತ್ರ) ತರುತ್ತಾರೆ, ಇಲ್ಲವೇ ಪೈಪಿಗೆ ಸುತ್ತುವ ಮ್ಯಾಗ್ನೆಟ್ ತರುತ್ತಾರೆ.

ಎರಡೂ ಆತುರದ ಕೆಲಸ. ಮೊದಲು ನೀರನ್ನು ಅಳೆಯಿರಿ. ಆಮೇಲೆ ಮನೆಯ ನೀರನ್ನೆಲ್ಲ ಬಿಟ್ಟು, ಕಾಯಿಸುವ ನೀರನ್ನಷ್ಟೇ ಮೆದು ಮಾಡಿಕೊಳ್ಳುವ ದಾರಿ ನೋಡಿ. ತೊಂದರೆಯ ಹೆಚ್ಚಿನ ಪಾಲು ಹುಟ್ಟುವುದೇ ನೀರು ಬಿಸಿಯಾಗುವ ಜಾಗದಲ್ಲಿ.

ನಿಮ್ಮ ನಲ್ಲಿಗೆ ಯಾವ ನೀರು ಬರುತ್ತಿದೆ?

ಕಾವೇರಿ ನೀರು ನದಿಯ ಮೇಲ್ಮೈ ನೀರು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಾಗಿ ಬರುತ್ತದೆ. ಅದರ ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣ, ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂ ಒಳಗೇ ಇರುತ್ತದೆ. ಬೋರ್‌ವೆಲ್ ನೀರಿನ ಕಥೆ ಬೇರೆ. ಲಾಲ್‌ಬಾಗಿನಲ್ಲಿ ಹತ್ತಿ ನಿಲ್ಲುತ್ತೇವಲ್ಲ, ಆ ನೈಸ್ ಬಂಡೆಯೇ ನಗರದ ಕೆಳಗೆಲ್ಲ ಹರಡಿದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಹಳೆಯದು, ಸಾಮಾನ್ಯವಾಗಿ ಹೆಚ್ಚು ಗಡಸು. ಲೀಟರಿಗೆ 500 ಮಿಲಿಗ್ರಾಂ ದಾಟುವುದು ಅಪರೂಪವೇನಲ್ಲ. ಕಲಬುರಗಿಯ ಶಹಾಬಾದ್ ಕಲ್ಲಿನ ಸೀಮೆಯಲ್ಲಂತೂ ನೆಲವೇ ಸುಣ್ಣದಕಲ್ಲು. ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿನವರಿಗೆ ಈ ತಾಪತ್ರಯ ಕಡಿಮೆ.

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಎರಡೂ ನೀರು ಒಂದೇ ಸಂಪಿಗೆ ಬೀಳುತ್ತವೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. 2024ರ ಬೇಸಿಗೆಯಲ್ಲಿ ಎಷ್ಟೋ ಮನೆಗಳು ಟ್ಯಾಂಕರನ್ನೇ ನಂಬಿ ನಿಂತವು. ಈ ವಾರದ ಟ್ಯಾಂಕರ್ ಒಂದು ಬೋರಿನದು, ಮುಂದಿನ ವಾರದ್ದು ಇನ್ನೊಂದರದು. ಹಾಗಾಗಿ ಪಕ್ಕದ ಮನೆಯವರ ಲೆಕ್ಕ ನಿಮಗೆ ಉಪಯೋಗಕ್ಕೆ ಬಾರದು.

ಹಂತ 1: ಅಳೆಯಿರಿ, ಆದರೆ ಟಿಡಿಎಸ್ ಮೀಟರಿನಲ್ಲಿ ಅಲ್ಲ

ನೀರು ಶುದ್ಧೀಕರಣ ಯಂತ್ರ ಮಾರಲು ಬಂದವರು ಪೆನ್ನಿನಂಥ ಮೀಟರ್ ಅದ್ದಿ '780, ನೋಡಿ' ಎನ್ನುತ್ತಾರೆ. ಅದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜು. ಗಡಸುತನ ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಲು ಮಾತ್ರ. ಒಳ್ಳೆಯ ಸಾಫ್ಟನರಿನಿಂದ ಹೊರಬಂದ ನೀರಿನ ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಗಡಸುತನ ಮಾತ್ರ ಇಳಿದಿರುತ್ತದೆ. ಸಾಫ್ಟನರ್ ಕೆಲಸ ಮಾಡುತ್ತಿದೆಯೇ ಎಂದು ಟಿಡಿಎಸ್ ಮೀಟರಿನಲ್ಲಿ ನೋಡುವುದರಲ್ಲಿ ಅರ್ಥವಿಲ್ಲ.

ಖರ್ಚಿಲ್ಲದ ಮೊದಲ ಪರೀಕ್ಷೆ ಸೋಪಿನದು. ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮೂರನೇ ಒಂದು ಭಾಗ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಮಳೆ ನೀರು ಅಥವಾ ಆರ್‌ಒ ನೀರು ಹಾಕಿ. ಮೈಸೋಪನ್ನು ತುರಿದು ಎರಡಕ್ಕೂ ಚಿಟಿಕೆ ಚಿಟಿಕೆ ಹಾಕಿ ಜೋರಾಗಿ ಕುಲುಕಿ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಮಳೆ ನೀರಿನಲ್ಲಿ ನೊರೆ ಬಾಟಲಿಯ ಕತ್ತಿನವರೆಗೆ ಏರಿ ನಿಲ್ಲುತ್ತದೆ, ಕೆಳಗಿನ ನೀರು ತಿಳಿಯಾಗಿರುತ್ತದೆ. ಗಡಸು ನೀರಿನಲ್ಲಿ ನೊರೆ ಏಳುವ ಮೊದಲೇ ಸತ್ತು, ನೀರು ಹಾಲು ಒಡೆದ ಹಾಗೆ ಬಿಳಿ ತುಣುಕುಗಳಿಂದ ತುಂಬುತ್ತದೆ. ಬಕೆಟ್ಟಿನ ಅಂಚಿಗೆ, ಬಚ್ಚಲ ಟೈಲ್ಸಿಗೆ, ತಲೆಕೂದಲಿಗೆ ಅಂಟುವ ಜಿಡ್ಡು ಇದೇ.

ಅಂಕಿ ಬೇಕೆಂದರೆ ಹನಿ ಲೆಕ್ಕದ ಕಿಟ್ ಕೊಳ್ಳಿ. ಅಕ್ವೇರಿಯಂ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ಕಿಟ್ಟಿನ ಸೂಚಕ ಬಿದ್ದ ನೀರು ಸಾಮಾನ್ಯವಾಗಿ ದ್ರಾಕ್ಷಿ ಕೆಂಪಾಗಿರುತ್ತದೆ. ದ್ರಾವಣವನ್ನು ಹನಿ ಹನಿಯಾಗಿ ಹಾಕುತ್ತ ಬಣ್ಣ ಪೂರ್ತಿ ನೀಲಿಗೆ ತಿರುಗುವ ತನಕ ಎಣಿಸಬೇಕು. ಹಳ್ಳಿಗಳಲ್ಲಿ ಜಲ ಜೀವನ ಮಿಷನ್ ಅಡಿ ಗ್ರಾಮ ಪಂಚಾಯಿತಿಗೆ ಕೊಟ್ಟಿರುವ ಪರೀಕ್ಷಾ ಕಿಟ್ಟಿನಲ್ಲೂ ಗಡಸುತನ ನೋಡುವ ವ್ಯವಸ್ಥೆ ಇದೆ, ಪಂಚಾಯಿತಿಯಲ್ಲಿ ಕೇಳಿ. ವಿವರವಾದ ವರದಿಗೆ ಪ್ರಯೋಗಾಲಯಕ್ಕೆ ಕೊಡಿ, ಕೊಡುವಾಗ ಫ್ಲೋರೈಡನ್ನೂ ನೋಡಲು ಹೇಳಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಇದನ್ನು ಬಿಡಲೇಬಾರದು. ಫ್ಲೋರೈಡ್ ಗಡಸುತನಕ್ಕಿಂತ ಎಷ್ಟೋ ಗಂಭೀರ ವಿಷಯ, ಅದು ಸಾಫ್ಟನರಿಗೆ ಬಗ್ಗುವುದೂ ಇಲ್ಲ.

ಬಂದ ಅಂಕಿಯನ್ನು ಓದುವುದು ಹೀಗೆ: ಲೀಟರಿಗೆ 60 ಮಿಲಿಗ್ರಾಂ ತನಕ ಮೆದು ನೀರು, 120ರ ತನಕ ಸಾಧಾರಣ, 180ರ ತನಕ ಗಡಸು, ಅದರಾಚೆ ಬಲು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200 ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರ ತನಕ ನಡೆಯುತ್ತದೆ. ಕುಡಿಯಲು ನಡೆಯುವ ನೀರು ಗೀಸರಿಗೆ ನಡೆಯಬೇಕೆಂದಿಲ್ಲ, ಇದು ನೆನಪಿರಲಿ. ವಿದೇಶಿ ಕಂಪನಿಗಳ ಡಿಷ್‌ವಾಷರ್ ಕೈಪಿಡಿಯಲ್ಲಿ ಜರ್ಮನ್ ಡಿಗ್ರಿ ಲೆಕ್ಕ ಇರುತ್ತದೆ. ನಿಮ್ಮ ಅಂಕಿಯನ್ನು 17.8ರಿಂದ ಭಾಗಿಸಿದರೆ ಅದು ಸಿಗುತ್ತದೆ. 500 ಇದ್ದರೆ ಸುಮಾರು 28 ಡಿಗ್ರಿ.

ಇನ್ನೊಂದು ಸಣ್ಣ ಕೆಲಸ ಮಾಡಿ, ಇದನ್ನು ಮಾಡುವವರು ಕಡಿಮೆ. ಅದೇ ನೀರನ್ನು ಒಂದು ಲೀಟರ್ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಆವಿಯಾಗಿ ಹೋದಷ್ಟು ನೀರಿನ ಜಾಗಕ್ಕೆ ಆರ್‌ಒ ನೀರು ಸೇರಿಸಿ ಮತ್ತೆ ಒಂದು ಲೀಟರ್ ಮಾಡಿ. ಬಟ್ಟೆಯಲ್ಲಿ ಸೋಸಿ ಮತ್ತೆ ಅಳೆಯಿರಿ. ಎಷ್ಟು ಇಳಿಯಿತೋ ಅಷ್ಟು ತಾತ್ಕಾಲಿಕ ಗಡಸುತನ. ಬಿಸಿಯಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಸುಣ್ಣದ ಪೊರೆಯಾಗಿ ಕೂರುವ ಪಾಲು ಅದು, ಗೀಸರಿನ ನಿಜವಾದ ಶತ್ರು. ಉಳಿದದ್ದು ಶಾಶ್ವತ ಗಡಸುತನ. ಅದು ಸೋಪು ತಿನ್ನುತ್ತದೆ, ಆದರೆ ಕಾಯಿಲ್ ಮೇಲೆ ಅಷ್ಟಾಗಿ ಕೂರುವುದಿಲ್ಲ.

ಹಂತ 2: ಗೀಸರ್

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 80 ಲೀಟರ್ ನೀರು ಗೀಸರ್ ಮೂಲಕ ಹೋಗುತ್ತದೆ ಎಂದುಕೊಳ್ಳಿ. ಲೀಟರಿಗೆ ಬರೀ 50 ಮಿಲಿಗ್ರಾಂ ಸುಣ್ಣ ಒಳಗೆ ಉಳಿದರೂ ದಿನಕ್ಕೆ 4 ಗ್ರಾಂ, ವರ್ಷಕ್ಕೆ ಒಂದೂವರೆ ಕಿಲೋ ಹತ್ತಿರ.

ಕಾಯಿಲ್ ಹೊರಗೆಳೆದಾಗ ನೋಡಿದವರಿಗೆ ಇದು ಅರ್ಥವಾಗುತ್ತದೆ. ಬೆರಳಿನಷ್ಟೂ ದಪ್ಪವಿಲ್ಲದ ಲೋಹದ ಕೊಳವೆ ಕಾಣುವುದೇ ಇಲ್ಲ. ಅದರ ಸುತ್ತ ಬೂದುಬಿಳಿ ಪದರ ಪದರವಾಗಿ ಕಲ್ಲು ಕಟ್ಟಿರುತ್ತದೆ, ಸುತ್ತುಗಳ ನಡುವಿನ ಸಂದು ಮುಚ್ಚಿ ಒಂದೇ ಗಡ್ಡೆಯಾಗಿರುತ್ತದೆ. ಉಗುರಿನಲ್ಲಿ ಕೆರೆದರೆ ಮೇಲಿನ ಪದರ ಪುಡಿಯಾಗುತ್ತದೆ, ಒಳಗಿನದು ಅಲುಗುವುದಿಲ್ಲ. ಟ್ಯಾಂಕಿನ ತಳದಲ್ಲಿ ಮೊಟ್ಟೆಚಿಪ್ಪಿನಂಥ ಚೂರುಗಳ ರಾಶಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಪೊರೆ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎಂದು ಜಾಹೀರಾತುಗಳು ಹೆದರಿಸುತ್ತವೆ. ನೀರಿನೊಳಗೇ ಮುಳುಗಿದ ಎಲೆಕ್ಟ್ರಿಕ್ ಕಾಯಿಲಿನ ಶಾಖ ತಡವಾಗಿಯಾದರೂ ನೀರಿಗೇ ಸೇರಬೇಕು, ಬೇರೆ ದಾರಿ ಅದಕ್ಕಿಲ್ಲ. ಹಾಗಾಗಿ ಬಿಲ್ ಅಷ್ಟೇನೂ ಏರುವುದಿಲ್ಲ. ಆದರೆ ಶಾಖ ಹೊರಬರಲು ಒದ್ದಾಡುವಾಗ ಕಾಯಿಲ್ ತಾನೇ ವಿಪರೀತ ಕಾದು ಸುಡುತ್ತದೆ, ಇಲ್ಲವೇ ಹೊದಿಕೆ ಬಿರುಕು ಬಿಟ್ಟು ನೀರಿಗೆ ಕರೆಂಟ್ ಸೋರುತ್ತದೆ. ಗ್ಯಾಸ್ ಗೀಸರಿನ ಲೆಕ್ಕ ಬೇರೆ. ಅಲ್ಲಿ ಪೊರೆ ಕಟ್ಟಿದರೆ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಅನಿಲ ನಿಜವಾಗಿಯೂ ದಂಡವಾಗುತ್ತದೆ.

ಗಮನಿಸಬೇಕಾದ ಲಕ್ಷಣಗಳು: ಆನ್ ಮಾಡಿದಾಗ ಒಳಗಿನಿಂದ ಚಟಚಟ, ಗುಳುಗುಳು ಸದ್ದು (ಪೊರೆಯ ಕೆಳಗೆ ಸಿಕ್ಕಿದ ನೀರು ಕುದಿಯುವ ಸದ್ದು ಅದು), ಬಿಸಿ ನೀರಿನ ಧಾರೆ ಮಾತ್ರ ಸಣ್ಣಗಾಗುವುದು, ಬಕೆಟ್ಟಿನಲ್ಲಿ ಬಿಳಿ ಚೂರು. ಗೀಸರ್ ಹಾಕಿದಾಗೆಲ್ಲ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಅದನ್ನು ಮೇಲೆತ್ತಿ ಮತ್ತೆ ಹಾಕಬೇಡಿ, ಬೈಪಾಸ್ ಮಾಡಿಸಲೇಬೇಡಿ. ಕಾಯಿಲ್ ಒಡೆದಿರುವ ಸಾಧ್ಯತೆ ಇದೆ, ಸ್ನಾನದ ನೀರಿನಲ್ಲಿ ಕರೆಂಟ್ ಇರಬಹುದು. ಅಂದೇ ಎಲೆಕ್ಟ್ರಿಷಿಯನ್ ಕರೆಸಿ.

ಮಾಡಬೇಕಾದ್ದು:

ಥರ್ಮೋಸ್ಟಾಟ್ 50–55 ಡಿಗ್ರಿಗೆ ಇಳಿಸಿ. 60 ದಾಟಿದ ಮೇಲೆ ಪೊರೆ ಕಟ್ಟುವ ವೇಗ ಏರುತ್ತದೆ. 75 ಡಿಗ್ರಿಗೆ ಕಾಯಿಸಿ ಅದಕ್ಕೆ ಮೂರು ಪಾಲು ತಣ್ಣೀರು ಬೆರೆಸುವ ಅಭ್ಯಾಸ ಬಿಡಿ. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ಟ್ಯಾಂಕಿನಲ್ಲಿ ನಿಲ್ಲುವುದೂ ಒಳ್ಳೆಯದಲ್ಲ, ರೋಗಾಣು ಬೆಳೆಯುತ್ತವೆ. ಊರಿಗೆ ಹೋಗಿ ಬಂದಾಗ ಒಮ್ಮೆ 60ರ ಮೇಲಕ್ಕೆ ಕಾಯಿಸಿ, ಆ ನೀರನ್ನು ಹರಿಯಬಿಟ್ಟು ಆಮೇಲೆ ಬಳಸಿ.

ವರ್ಷಕ್ಕೊಮ್ಮೆ, ಗಡಸುತನ 400 ಮೇಲಿದ್ದರೆ ಆರು ತಿಂಗಳಿಗೊಮ್ಮೆ, ಒಳಗೆ ತೊಳೆಸಿ. ಸ್ವಿಚ್ ಆರಿಸಿದರೆ ಸಾಲದು, ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ. ಒಳಬರುವ ನೀರು ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಖಾಲಿ ಮಾಡಿ, ತಳದ ಫ್ಲೇಂಜ್ (ಕಾಯಿಲ್ ಕೂರಿಸಿದ ಮುಚ್ಚಳ) ಬಿಚ್ಚಿ. ಕೈಪಳಗಿಲ್ಲದಿದ್ದರೆ ತಿಳಿದವರಿಂದಲೇ ಮಾಡಿಸಿ, ಆದರೆ ಎದುರಿಗೆ ನಿಂತು ಮಾಡಿಸಿ. ಒಂದು ಲೀಟರ್ ಬಿಸಿ ನೀರಿಗೆ ನೂರು ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಕರಗಿಸಿ ಪೊರೆ ಕಟ್ಟಿದ ಭಾಗವನ್ನು ಅದ್ದಿಡಿ. ವೈರು ಸಿಕ್ಕಿಸುವ ತುದಿ ಒದ್ದೆಯಾಗಬಾರದು. ಅದ್ದಿದ ಕೂಡಲೇ ಸಣ್ಣ ಗುಳ್ಳೆ ಏಳುತ್ತವೆ, ಗುಳ್ಳೆ ನಿಂತರೆ ಆ್ಯಸಿಡ್ ಮುಗಿಯಿತೆಂದು ಅರ್ಥ, ಹೊಸದು ಹಾಕಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯಲು ಯಾರಿಗೂ ಬಿಡಬೇಡಿ. ಐದು ನಿಮಿಷದಲ್ಲಿ ಪೊರೆ ಹೋಗುತ್ತದೆ ನಿಜ, ಜೊತೆಗೆ ಲೋಹವೂ ಹೋಗುತ್ತದೆ.

ತೆರೆದಾಗ ಎರಡು ವಸ್ತು ನೋಡಿ. ಒಂದು, ಮೆಗ್ನೀಸಿಯಂ ಆ್ಯನೋಡ್ ಕಡ್ಡಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದು ಅದರ ಕೆಲಸ. ಒಳಗಿನ ತಂತಿ ಕಾಣತೊಡಗಿದರೆ ಹೊಸದು ಹಾಕಿಸಿ. ಅಗ್ಗದ ಈ ಕಡ್ಡಿ ಬದಲಿಸದ ಕಾರಣಕ್ಕೇ ಎಷ್ಟೋ ಟ್ಯಾಂಕ್ ತೂತಾಗುತ್ತವೆ. ಎರಡು, ಒತ್ತಡ ಬಿಡುವ ವಾಲ್ವ್. ಸುಣ್ಣ ಕಟ್ಟಿ ಅದು ಸಿಕ್ಕಿಹಾಕಿಕೊಂಡರೆ ಗೀಸರ್ ಸಿಡಿಯುವ ಅಪಾಯ ಇದೆ. ಮತ್ತೆ ನೀರು ತುಂಬಿದ ಮೇಲೆ ಅದರ ಲಿವರ್ ಎತ್ತಿದಾಗ ನೀರು ಚಿಮ್ಮಬೇಕು. ಫ್ಲೇಂಜ್ ಗ್ಯಾಸ್ಕೆಟ್ ಹೊಸದೇ ಹಾಕಿ. ಮತ್ತೆ ಆನ್ ಮಾಡುವ ಮೊದಲು ಬಿಸಿ ನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬರುವ ತನಕ ಕಾಯಿರಿ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಈ ಪೊರೆ ಇನ್ನೂ ಬೇಗ ಕಟ್ಟುತ್ತದೆ, ಬೋರ್ ನೀರಿನ ಸ್ನಾನದಮನೆಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಸೋಲಾರ್ ಹಾಕಿಸುವವರು ತಾಮ್ರದ ಸಣ್ಣ ಕೊಳವೆಗಳಿರುವ ಫ್ಲಾಟ್ ಪ್ಲೇಟ್ ಬದಲು ಗಾಜಿನ ಟ್ಯೂಬಿನ ಮಾದರಿ ತೆಗೆದುಕೊಳ್ಳಿ. ತಾಮ್ರದ ಕೊಳವೆ ಒಳಗೆ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ.

ಹಂತ 3: ಗೀಸರಿಗೆ ಹೋಗುವ ಪೈಪನ್ನು ಬೇರ್ಪಡಿಸಿ

ನಮ್ಮಲ್ಲಿ ರೂಢಿ ಏನೆಂದರೆ, ಕಾವೇರಿ ನೀರು ಅಡುಗೆಮನೆಗೆ, ಬೋರ್ ನೀರು ಬಚ್ಚಲಿಗೆ. ಅಡುಗೆಗೆ ಸಿಹಿ ನೀರು ಸರಿಯೇ. ಆದರೆ ಗೀಸರ್ ಇರುವುದು ಬಚ್ಚಲಲ್ಲಿ. ಇಡೀ ಮನೆಯಲ್ಲಿ ಗಡಸು ನೀರನ್ನು ತಡೆದುಕೊಳ್ಳಲಾರದ ಯಂತ್ರಕ್ಕೇ ಅತಿ ಗಡಸು ನೀರು ಕೊಟ್ಟ ಹಾಗಾಯಿತು. ಫ್ಲಷ್ಷಿಗೆ, ನೆಲ ಒರೆಸಲು, ಗಾಡಿ ತೊಳೆಯಲು ಬೋರ್ ನೀರು ಧಾರಾಳ ಸಾಕು.

ಪ್ಲಂಬರಿಗೆ ಹೇಳಿ ಗೀಸರಿನ ಒಳಹರಿವನ್ನು ಮಾತ್ರ ಕಾವೇರಿ ಟ್ಯಾಂಕಿನಿಂದ ಎಳೆಸಿ. ದಿನಕ್ಕೆ ಬೇಕಾದ್ದು ಆ 80 ಲೀಟರ್ ಮಾತ್ರ. ಒಂದು ಎಚ್ಚರಿಕೆ: ಬಿಸಿನೀರು ಒಂದು ಟ್ಯಾಂಕಿನಿಂದ, ತಣ್ಣೀರು ಇನ್ನೊಂದರಿಂದ ಬಂದರೆ ಮಿಕ್ಸರ್ ನಲ್ಲಿಯ ಮೂಲಕ ಒಂದರ ನೀರು ಇನ್ನೊಂದಕ್ಕೆ ನುಗ್ಗಬಹುದು. ಎರಡೂ ಲೈನಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ, ಟ್ಯಾಂಕುಗಳ ಎತ್ತರ ಸಮ ಇರಲಿ.

ಹಂತ 4: ವಾಷಿಂಗ್ ಮಷೀನ್, ಡಿಷ್‌ವಾಷರ್, ಆರ್‌ಒ

ತಣ್ಣೀರಲ್ಲೇ ಒಗೆಯುವ ಟಾಪ್ ಲೋಡಿಗೆ ಸುಣ್ಣದ ಕಾಟ ಕಡಿಮೆ, ಅಲ್ಲಿ ನಷ್ಟ ಬಟ್ಟೆಗೆ. ಫ್ರಂಟ್ ಲೋಡಿನೊಳಗೆ ಹೀಟರ್ ಇರುತ್ತದೆ, ಅದಕ್ಕೆ ಗೀಸರಿನ ಕಾಯಿಲೆಯೇ. ದಿನನಿತ್ಯದ ಬಟ್ಟೆಯನ್ನು 30–40 ಡಿಗ್ರಿಯಲ್ಲಿ ಒಗೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ಡ್ರಮ್ ಖಾಲಿ ಇಟ್ಟು ನೂರು ಗ್ರಾಂ ಸಿಟ್ರಿಕ್ ಆ್ಯಸಿಡ್ ಅಥವಾ ಕಂಪನಿಯದೇ ಡಿಸ್ಕೇಲಿಂಗ್ ಪುಡಿ ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಇದನ್ನೇ ಪದೇಪದೇ ಮಾಡಿದರೆ ರಬ್ಬರಿಗೆ ಪೆಟ್ಟು, ಕೈಪಿಡಿಯ ಮಾತು ಕೇಳಿ. ಆ್ಯಸಿಡ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ವಿಷಾನಿಲ ಬರುತ್ತದೆ. ನೀರು ಒಳಬರುವ ಪೈಪಿನ ತುದಿಯಲ್ಲಿರುವ ಸಣ್ಣ ಜಾಲರಿ ಬಿಚ್ಚಿ ತೊಳೆಯಿರಿ. ನೀರು ತುಂಬಲು ತಡವಾಗುತ್ತಿದ್ದರೆ ಬಹಳ ಸಲ ಕಾರಣ ಅಲ್ಲೇ ಇರುತ್ತದೆ.

ಬಟ್ಟೆ ಬಿರುಸಾಗುತ್ತಿದ್ದರೆ ಡಿಟರ್ಜೆಂಟ್ ದುಪ್ಪಟ್ಟು ಸುರಿಯುವ ಬದಲು ಪುಡಿಯ ಜೊತೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಅದು ಕ್ಯಾಲ್ಸಿಯಂ ಹಿಡಿದು ಕೂರಿಸುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ಬೇಡ.

ಡಿಷ್‌ವಾಷರಿನೊಳಗೆ ಸಾಮಾನ್ಯವಾಗಿ ಸಣ್ಣ ಸಾಫ್ಟನರ್ ಇರುತ್ತದೆ. ಅಳೆದ ಗಡಸುತನವನ್ನು ಅದರ ಸೆಟ್ಟಿಂಗಿನಲ್ಲಿ ಹಾಕದಿದ್ದರೆ ಲೋಟಗಳ ಮೇಲಿನ ಬಿಳಿ ಮಂಜು ಹೋಗುವುದಿಲ್ಲ. ಅದಕ್ಕೆಂದೇ ಮಾರುವ ದಪ್ಪ ಹರಳಿನ ಉಪ್ಪನ್ನೇ ಹಾಕಿ, ಅಡುಗೆಯ ಪುಡಿಯುಪ್ಪಲ್ಲ.

ಆರ್‌ಒ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಕಾವೇರಿ ನೀರು ಮಾತ್ರ ಬರುವ ಮನೆಗೆ ಆರ್‌ಒ ಬೇಡ, ಯುವಿ (ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯಂತ್ರ) ಸಾಕು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಬೋರ್ ನೀರಿಗೆ ಆರ್‌ಒ ಬೇಕಾದರೆ ಹೊರಬೀಳುವ ನೀರನ್ನು ನೆಲ ಒರೆಸಲು, ಪಾತ್ರೆ ನೆನೆಸಲು ಬಳಸಿ. ಅದು ಮೂಲ ನೀರಿಗಿಂತಲೂ ಗಡಸು, ವಾಷಿಂಗ್ ಮಷೀನಿಗೆ ತುಂಬಬೇಡಿ.

ಕೆಟಲ್, ಷವರ್ ಹೆಡ್, ನಲ್ಲಿಯ ಜಾಲರಿಗೆಲ್ಲ ನಿಂಬೆ ಉಪ್ಪಿನ ನೀರಲ್ಲಿ ಅರ್ಧ ಗಂಟೆ ನೆನೆಸುವುದೇ ಮದ್ದು. ಮಾರ್ಬಲ್ ಮೇಲೆ ಅದು ಬೀಳದಂತೆ ನೋಡಿಕೊಳ್ಳಿ, ಹೊಳಪು ಹೋದರೆ ಮರಳಿ ಬಾರದು.

ಹಂತ 5: ಸಾಫ್ಟನರ್ ಬೇಕೇ ಬೇಕು ಎನ್ನುವವರಿಗೆ

ಕಾವೇರಿ ಸಂಪರ್ಕವೇ ಇಲ್ಲದ ಮನೆಗಳಿವೆ. ಅಲ್ಲಿಗೆ ರೆಸಿನ್ (ಕ್ಯಾಲ್ಸಿಯಂ ಹಿಡಿಯುವ ಸಣ್ಣ ಮಣಿಗಳು) ಇರುವ, ಉಪ್ಪು ಹಾಕುವ ಸಾಫ್ಟನರ್ ಒಂದೇ ನಂಬಬಹುದಾದ ಯಂತ್ರ. ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ನೀರಿನ ಕ್ಯಾಲ್ಸಿಯಂ ಕಡಿಮೆ ಮಾಡುವುದಿಲ್ಲ, ಹನಿ ಕಿಟ್ಟಿನಲ್ಲಿ ಮೊದಲೂ ನಂತರವೂ ಅಳೆದು ನೋಡಿ. ನಲ್ಲಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳಲ್ಲಿ ಹಲವು ಫಾಸ್ಫೇಟ್ ಬಿಟ್ಟು ಪೊರೆ ಕಟ್ಟುವುದನ್ನು ನಿಧಾನ ಮಾಡುತ್ತವೆ ಅಷ್ಟೇ.

ಲೆಕ್ಕ ಹಾಕಿ ಕೊಳ್ಳಿ. ತಲಾ 135 ಲೀಟರಿನಂತೆ ನಾಲ್ಕು ಜನಕ್ಕೆ ದಿನಕ್ಕೆ 540 ಲೀಟರ್. ಗಡಸುತನ 500 ಇದ್ದರೆ ಇಡೀ ಮನೆಯ ನೀರಿನಿಂದ ದಿನಕ್ಕೆ 270 ಗ್ರಾಂ ಸುಣ್ಣದಂಶ ತೆಗೆಯಬೇಕು. ಬಿಸಿ ನೀರಿಗೆ ಮಾತ್ರವಾದರೆ 40 ಗ್ರಾಂ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ. ಐದು ಲೀಟರ್ ರೆಸಿನಿನ ಸಣ್ಣ ಯಂತ್ರಕ್ಕೆ ಗೀಸರ್ ಲೈನಿನಲ್ಲಿ ಆರು ದಿನಕ್ಕೊಮ್ಮೆ ಉಪ್ಪಿನ ತೊಳೆತ ಸಾಕು. ಅದನ್ನೇ ಇಡೀ ಮನೆಗೆ ಜೋಡಿಸಿದರೆ ದಿನವೂ ಬೇಕು.

ಕುಡಿಯುವ ಮತ್ತು ಅಡುಗೆಯ ಲೈನ್ ಸಾಫ್ಟನರಿನಿಂದ ಹೊರಗಿರಲಿ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. 400 ಮಿಲಿಗ್ರಾಂ ಗಡಸುತನ ಇಳಿಸಿದರೆ ಲೀಟರಿಗೆ ಸುಮಾರು 180 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಬಿಪಿ ಇರುವವರಿಗೆ ಸಲ್ಲದು. ಗಡಸು ನೀರಿನ ಕ್ಯಾಲ್ಸಿಯಂ ಮೈಗೆ ಹಾನಿಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಮಿತಿಯನ್ನೇ ಇಟ್ಟಿಲ್ಲ. ಯಂತ್ರ ತೊಳೆದ ಉಪ್ಪು ನೀರು ಗಿಡಗಳ ಬುಡಕ್ಕೆ ಬೇಡ. ಅಪಾರ್ಟ್‌ಮೆಂಟುಗಳಲ್ಲಿ ಅದು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಗೆ ಸೇರಿ, ಅದೇ ನೀರು ತೋಟಕ್ಕೆ ಬಂದು ಮಣ್ಣು ಹಾಳಾಗುತ್ತದೆ. ಅಸೋಸಿಯೇಷನ್ ಸಭೆಯಲ್ಲಿ ಇದನ್ನು ಕೇಳಿ. ಗಡಸುತನ ಸೊನ್ನೆಗೆ ಇಳಿಸುವ ಅಗತ್ಯವೂ ಇಲ್ಲ, ಸ್ವಲ್ಪ ಬೋರ್ ನೀರು ಬೆರೆಸಿ 100ರ ಆಸುಪಾಸಿನಲ್ಲಿ ಇಟ್ಟರೆ ಉಪ್ಪೂ ಉಳಿಯುತ್ತದೆ.

ಹಂತ 6: ಚಾವಣಿಯ ಮೇಲೆ ಬೀಳುವ ಮೆದು ನೀರು

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ಚಾವಣಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, 70,000 ಲೀಟರಿಗೂ ಹೆಚ್ಚು ಸಿಗುತ್ತದೆ. ದಿನಕ್ಕೆ 80ರಂತೆ ಗೀಸರಿಗೆ ವರ್ಷಕ್ಕೆ ಬೇಕಾದ್ದು 30,000 ಲೀಟರಿಗಿಂತ ಕಡಿಮೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ಮಳೆ ಕೊಯ್ಲು ಕಡ್ಡಾಯವಾದ ಮೇಲೆ ಹಲವು ಮನೆಗಳಲ್ಲಿ ಪೈಪು, ಫಿಲ್ಟರ್ ಈಗಾಗಲೇ ಇವೆ, ನೀರು ಮಾತ್ರ ಇಂಗುಗುಂಡಿಗೆ ಹೋಗುತ್ತಿದೆ. ಅದರ ಒಂದು ಕವಲನ್ನು 5,000 ಲೀಟರಿನ ಟ್ಯಾಂಕಿಗೆ ತಿರುಗಿಸಿದರೆ ಎರಡು ತಿಂಗಳ ಬಿಸಿನೀರು ಕೈಯಲ್ಲಿರುತ್ತದೆ, ಮೇ ತಿಂಗಳಿಂದ ಅಕ್ಟೋಬರ್ ತನಕ ಮತ್ತೆ ಮತ್ತೆ ತುಂಬುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಹೋಗುವ ವ್ಯವಸ್ಥೆ ಇರಲಿ, ಟ್ಯಾಂಕಿಗೆ ಬೆಳಕು ತಾಗದಿರಲಿ.

ಬರೀ ಮಳೆ ನೀರು ಲೋಹವನ್ನು ಸ್ವಲ್ಪ ತಿನ್ನುತ್ತದೆ. ಅದಕ್ಕೆ ನಾಲ್ಕು ಪಾಲು ಮಳೆ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿ. 500ರ ಬೋರ್ ನೀರು ಈ ಲೆಕ್ಕದಲ್ಲಿ ಸುಮಾರು 100ಕ್ಕೆ ಬಂದು ನಿಲ್ಲುತ್ತದೆ. ಬೆರೆಸಿದ ಮೇಲೆ ಹನಿ ಕಿಟ್ಟಿನಲ್ಲಿ ಒಮ್ಮೆ ನೋಡಿಕೊಳ್ಳಿ, ಬೇಸಿಗೆಯಲ್ಲಿ ಟ್ಯಾಂಕರ್ ಬರತೊಡಗಿದಾಗ ಮತ್ತೊಮ್ಮೆ.